ಮಾದಪ್ಪನ ಪಾಲಿನ ರೂಪಾಯಿ

3-11-98, ಮಂಗಳವಾರ
ವಾಕಿಂಗ್ ಆಯಿತು. ಕೋಣನಕುಂಟೆ ಕ್ರಾಸ್‌ವರೆಗೆ. ನಡುವೆ ಒಂದು ಕಾಫಿ, ಸಕ್ಕರೆ ಜಾಸ್ತಿ. ಲಕ್ಷ್ಮಮ್ಮನಿಗೆ ಹೇಳಿಲ್ಲ. ಹೆಂಡತಿಗೆ ಎಲ್ಲವನ್ನೂ ಹೇಳುವವನು ಗಂಡಸೇ ಅಲ್ಲ.

ಜಯನಗರದ ಅಕ್ಕ ಮೀನಾಕ್ಷಮ್ಮ ಅವ್ವನ ಹಳೇ ಟ್ರಂಕನ್ನು ಆಟೋದಲ್ಲಿ ಕಳಿಸಿದ್ದಾಳೆ. ಅವಳ ಮನೆಗೆ ಸುಣ್ಣಬಣ್ಣ, ಅಟ್ಟ ಖಾಲಿ ಮಾಡುತ್ತಿದ್ದಾಳೆ. ಫೋನಿನಲ್ಲಿ ಹೇಳಿದಳು, "ಗಂಗಾ, ಸೀರೆ ಕೆಳಗೆ ಒಂದು ಡಬ್ಬಿ ಅದೆ. ನಾನು ಬರೋಗಂಟ ಮುಟ್ಬ್ಯಾಡ ಕಣ್ಲಾ."

ಫೋನ್ ಇಟ್ಟೆ. ಮುಟ್ಟಿದೆ.

ಒಳಗೆ ಅರಿಶಿನದ ಬಟ್ಟೆಯ ಪುಟ್ಟ ಪುಟ್ಟ ಗಂಟುಗಳು. ಒಂದೊಂದರಲ್ಲೂ ಒಂದೊಂದು ಕಾಸು. ಮುಡಿಪು! ಮನೆಯಲ್ಲಿ ಯಾರಿಗೆ ಕಷ್ಟ ಬಂದರೂ ಅವ್ವ ಮಾದಪ್ಪನಿಗೆ ಹರಸಿಕೊಂಡು ಕಾಸು ಕಟ್ಟಿಡುತ್ತಿದ್ದಳು. ಅವನ ಬೆಟ್ಟಕ್ಕೆ ಹೋದಾಗ ಒಟ್ಟಿಗೆ ಹುಂಡಿಗೆ ಹಾಕುವುದೆಂದು. ಪಾಪ, ಹೋಗಲೇ ಇಲ್ಲ.

ಯೋಚಿಸಿದೆ. ಕಾಲಾಣೆ ಕಟ್ಟಿಕೊಂಡು ಈಗ ಮಾದಪ್ಪ ಏನು ಮಾಡಿಯಾನು? ಕಡ್ಲೆಪುರಿಯೂ ಬರದು. ಒಂದೊಂದಕ್ಕೂ ಬದಲಿಗೆ ಐದು ರೂಪಾಯಿ ಹಾಕಿದರೆ ದೇವರಿಗೆ ಲಾಭ, ಹಳೇ ಕಾಸು ನನಗೆ ಉಳಿದರೆ ನನಗೆ ಲಾಭ. ನಮ್ಮೂರ ಶಾಲೆಯ ಏಳನೇ ಕ್ಲಾಸು ಸುಮ್ಮನೆ ಅಲ್ಲ.

ಎಲ್ಲ ಬಿಚ್ಚಿದೆ. ಗಂಟುಗಳಿಗೆ ದಾರ, ಕೂದಲು, ಏನೇನೋ ಕಸ ಸುತ್ತಿಕೊಂಡಿತ್ತು. ಬಟ್ಟೆ ಸಮೇತ ಬಚ್ಚಲ ಒಲೆಗೆ.

5-11-98, ಗುರುವಾರ
ಚೂಡಾಮಣಿ ಮೇಡಂ ಮನೆಗೆ ಹೋಗಿದ್ದೆ, ಜಯನಗರ ನಾಲ್ಕನೇ ಟಿ ಬ್ಲಾಕ್. ಬ್ಯಾಂಕಿನಲ್ಲಿ ಪೆನ್ಷನ್ ಕೌಂಟರಿನಲ್ಲಿದ್ದವರು. ರಿಟೈರಾದ ಮೇಲೆ ನಾಣ್ಯದ ಹುಚ್ಚು. ಅದಕ್ಕೊಂದು ಕ್ಲಬ್ಬೂ ಇದೆಯಂತೆ.

"ಅಂಚು ಹಿಡ್ಕೊಳ್ಳಿ ಗಂಗಯ್ಯನೋರೇ, ಮುಖದ ಮೇಲೆ ಬೆರಳಿಡ್ಬೇಡಿ. ಹುಣಸೇಹಣ್ಣು ಹಾಕಿ ಉಜ್ಜಿಲ್ಲ ತಾನೆ?"

"ಛೆ ಛೆ, ನಮ್ಮ ವಂಶದಲ್ಲೇ ಆ ಅಭ್ಯಾಸ ಇಲ್ಲ ಮೇಡಂ."

(ಉಜ್ಜಲು ಹೊರಟಿದ್ದೆ. ಹುಣಸೇಹಣ್ಣು ಸಾರಿಗೆ ಬೇಕು ಅಂತ ಲಕ್ಷ್ಮಮ್ಮ ಕೊಡಲಿಲ್ಲ.)

ಭೂತಗನ್ನಡಿ, ಪುಟ್ಟ ತಕ್ಕಡಿ, ಹಾಳೆ. ಒಂದೊಂದನ್ನೂ ತೂಗಿ, ರಾಜ ಯಾರು, ಇಸವಿ ಯಾವುದು, ಎಷ್ಟು ಸವೆದಿದೆ ಅಂತ ಬರೆದುಕೊಂಡರು. ತಾಮ್ರದವೆಲ್ಲ ಸಾಮಾನ್ಯ ಮಾಲು ಅಂದರು. ನನ್ನ ಮುಖ ಇಳಿಯಿತು. ಕೊನೆಗೆ ಬೆಳ್ಳಿ ರೂಪಾಯಿ ಎತ್ತಿಕೊಂಡರು. ಇದ್ದದ್ದು ಅದೊಂದೇ. 1939. ತೂಗಿದರು. ಮತ್ತೆ ತೂಗಿದರು.

"ಗಂಗಯ್ಯನೋರೇ, ಕೂತ್ಕೊಳ್ಳಿ."

"ಕೂತೇ ಇದೀನಿ ಮೇಡಂ."

"ಹಾಗಾದ್ರೆ ನಾನು ಕೂತ್ಕೋತೀನಿ."

ಆ ವರ್ಷದ ರೂಪಾಯಿ ಸಿಗುವುದೇ ಅಪರೂಪವಂತೆ. ಬಟ್ಟೆಯೊಳಗೆ ಅಲ್ಲಾಡದೆ ಕೂತಿದ್ದಕ್ಕೆ ರಾಜನ ತಲೆಗೂದಲೂ ಸವೆದಿಲ್ಲ. 22ನೇ ತಾರೀಕು, ಭಾನುವಾರ, ಕ್ಲಬ್ಬಿನ ಎಕ್ಸಿಬಿಷನ್. ನನಗೇ ಒಂದು ಟೇಬಲ್ ಕೊಡುತ್ತಾರೆ. ನನ್ನ ಹೆಸರಿನ ಬೋರ್ಡು ಸಮೇತ!

8-11-98, ಭಾನುವಾರ
ವಾಕಿಂಗ್ ಬಳಗಕ್ಕೆ ಹೇಳಿದೆ. ಕಟಿಂಗ್ ಶಾಪಿನಲ್ಲಿ ಹೇಳಿದೆ. ಹಾಲಿನ ಬೂತಿನಲ್ಲಿ ಹೇಳುವ ಹೊತ್ತಿಗೆ ನಮ್ಮ ತಾತ ಮೈಸೂರು ಅರಮನೆಯ ಖಜಾನೆಯ ಬೀಗದ ಕೈ ಹಿಡಿದಿದ್ದರು. ಮಾತಿನ ಓಟದಲ್ಲಿ ಬಂದುಬಿಟ್ಟಿತು.

ಲಕ್ಷ್ಮಮ್ಮ ಹಿಂದೆಯೇ ನಿಂತಿದ್ದಾಳೆ! "ನಿಮ್ಮ ತಾತ ಅರಮನೆ ನೋಡಿದ್ದು ಕ್ಯಾಲೆಂಡರ್‌ನಲ್ಲಿ" ಅಂದಳು. ಎಲ್ಲರೂ ನಕ್ಕರು. ನಗಲಿ. ಟೇಬಲ್ ಯಾರದು?

ಪ್ಯಾಂಟು ಇಸ್ತ್ರಿಗೆ ಕೊಟ್ಟೆ. ಇನ್ನೂ ಎರಡು ವಾರ ಇದೆ, ಆದರೂ...

15-11-98, ಭಾನುವಾರ
ಅಕ್ಕ ಬಂದಳು.

ಪ್ಲಾಸ್ಟಿಕ್ ಕವರುಗಳಲ್ಲಿ ಸಾಲಾಗಿ ಕೂತ ಕಾಸು ತೋರಿಸಿದೆ. ರಾಜ, ಇಸವಿ, ತೂಕ — ಚೀಟಿ ಓದಿದೆ. ಬೆನ್ನು ತಟ್ಟುತ್ತಾಳೆ ಅಂದುಕೊಂಡಿದ್ದೆ.

"ಬಟ್ಟೆ ಎಲ್ಲಿ?"

"ಒಲೆಗೆ..."

"ಅಯ್ಯೋ ಮುಟ್ಠಾಳ! ಯಾವ್ದು ಯಾರಿಗ್ ಕಟ್ಟಿದ್ದು ಅಂತ ಈಗ ಹೆಂಗ್ಲಾ ಗೊತ್ತಾಗ್ತದೆ?"

ಅವ್ವನಿಗೆ ಓದುಬರಹ ಇರಲಿಲ್ಲ. ಗಂಟಿಗೇ ಗುರುತು ಸುತ್ತುತ್ತಿದ್ದಳಂತೆ. ಹಸುವಿನ ಮುಡಿಪಿಗೆ ಬಾಲದ ಕೂದಲು. ಅಪ್ಪನದಕ್ಕೆ ಬೀಡಿ ಕಟ್ಟಿನ ದಾರ. ಅಕ್ಕನದಕ್ಕೆ ಜಡೆಯ ಟೇಪು. ನನ್ನದಕ್ಕೆ ಉಡಿದಾರದ ತುಂಡು. ಎಲ್ಲ ಸೇರಿ ನನ್ನ ಸ್ನಾನದ ನೀರು ಕಾಯಿಸಿವೆ.

ಅಕ್ಕ ಕನ್ನಡಕ ಏರಿಸಿ ನೆಲದ ಮೇಲೆ ಕೂತಳು. ನೆನಪಿನಿಂದಲೇ ಬೇರೆ ಮಾಡತೊಡಗಿದಳು.

"ಗೌರಿ ಹಸ ಹೊಟ್ಟೆ ಉಬ್ಬರಿಸ್ಕೊಂಡಾಗ ಕಾಲಾಣೆ. ಅಪ್ಪ ಹುಣಸೇಮರದಿಂದ ಬಿದ್ದಾಗ್ಲೂ ಕಾಲಾಣೆ."

"ಅಪ್ಪಂಗೂ ಹಸುಗೂ ಒಂದೇ ರೇಟಾ?"

"ಹಸ ಹಾಲು ಕೊಡ್ತಿತ್ತು ಕಣ್ಲಾ."

ಲಕ್ಷ್ಮಮ್ಮ ಅಡಿಗೆಮನೆಯಲ್ಲಿ ನಗುವುದು ಕೇಳಿಸಿತು.

"ನಂಗೆ ಮೈಯೆಲ್ಲ ಕಜ್ಜಿ ಆಗಿದ್ದಾಗ ಅರ್ಧಾಣೆ. ನೋಡು, ಇದೇ ಇರ್ಬೇಕು." ಆಮೇಲೆ ಬೆಳ್ಳಿ ರೂಪಾಯಿ ಅಂಗೈಯಲ್ಲಿಟ್ಟುಕೊಂಡಳು. "ಇದನ್ನ ಮಾತ್ರ ಕೇಳ್ಬೇಕಾಗಿಲ್ಲ. ನಿಂಗಾಗ ಏಳು ವರ್ಷ. ಜ್ವರ ಇಳೀಲೇ ಇಲ್ಲ. ಪಂಡಿತ್ರು ಇನ್ನು ನಮ್ಮ ಕೈಲಿಲ್ಲ ಅಂದ್ಬುಟ್ರು. ಅವ್ವ ಇದ್ದಬದ್ದ ಕೋಳಿ ಎಲ್ಲ ಮಾರಿ ರೂಪಾಯಿ ತಂದ್ಲು. ಪೂರಾ ರೂಪಾಯಿ ನಮ್ಮನೆ ಒಳಗೆ ಬಂದಿದ್ದು ಅವತ್ತೇ. ಆಮೇಲೆ ವರ್ಷಗಟ್ಲೆ ಮೊಟ್ಟೆ ಇಲ್ಲ, ನಿನ್ನ ದೆಸೆಯಿಂದ."

ನನಗೆ ಗೊತ್ತೇ ಇರಲಿಲ್ಲ. ಬಾಯಿಗೆ ಬಂದದ್ದು ಬೇರೆ. "ಬದಲಿಗೆ ಸಾವಿರ ಹಾಕ್ತೀನಿ ಬಿಡಕ್ಕ."

"ಹಸ ಇಲ್ಲ, ಅಪ್ಪ ಇಲ್ಲ. ಅವರದಕ್ಕೆ ಬದಲಿ ಹಾಕು, ಮಾದಪ್ಪ ಬ್ಯಾಡ ಅನ್ನಲ್ಲ. ನನ್ನ ಅರ್ಧಾಣೆ ನಾನೇ ಹಾಕ್ತೀನಿ. ಆದ್ರೆ ನೀನಿನ್ನೂ ಇದೀಯಲ್ಲ! ಇರೋನ ಮುಡಿಪು ಬದಲಾಯಿಸ್ತಾರಾ? ಗುರುವಾರ ಅಮಾಸೆ, ನಾನು ಬೆಟ್ಟಕ್ಕೆ ಹೋಗ್ತೀನಿ. ಬರೋದು ಬಿಡೋದು ನಿನ್ನಿಷ್ಟ."

ಊಟ ಮಾಡಿ ಹೋದಳು. ಮತ್ತೆ ಆ ಮಾತು ಎತ್ತಲಿಲ್ಲ. ಬೈದಿದ್ದರೆ ಚೆನ್ನಾಗಿತ್ತು.

18-11-98, ಬುಧವಾರ
ಮೇಡಂ ಫೋನು. ಪೇಪರಿನವರೂ ಬರುತ್ತಾರಂತೆ. ರೂಪಾಯಿ ಇಡಲು ಮಖಮಲ್ಲಿನ ಹಲಗೆ ತಂದಿದ್ದಾರೆ, ಅಳತೆಗೆ ಸರಿಯಾಗಿ ಗುಂಡಿ ಕೊರೆಸಿ.

ಭಾನುವಾರ ತೋರಿಸಿ, ಮುಂದಿನ ಅಮಾವಾಸ್ಯೆಗೆ ಹಾಕಿದರೆ? ಇಷ್ಟು ವರ್ಷ ಕಾದವನು ಇನ್ನೊಂದು ತಿಂಗಳು ಕಾಯಲಾರನೇ? ಕಾಯುತ್ತಾನೆ. ನನ್ನನ್ನೇ ನಾನು ನಂಬುವುದು ಕಷ್ಟ. ಒಂದು ಸಲ ಪೇಪರಿನಲ್ಲಿ ಫೋಟೋ ಬಂದರೆ ಆಮೇಲೆ ನಾನು ಆ ರೂಪಾಯಿ ಬಿಡುವ ಆಸಾಮಿಯೇ?

ಲಕ್ಷ್ಮಮ್ಮ ಚೀಲಕ್ಕೆ ನನ್ನ ಪಂಚೆ, ಟವಲು ತುಂಬುತ್ತಿದ್ದಾಳೆ.

20-11-98, ಶುಕ್ರವಾರ
ನಿನ್ನೆ ಬೆಟ್ಟಕ್ಕೆ ಹೋಗಿ ಬಂದೆವು, ಮೂವರೂ. ಬಸ್ಸಿನಲ್ಲಿ ಅಕ್ಕನಿಗೆ ಕಿಟಕಿ, ನನಗೆ ವಾಂತಿ.

ಅಕ್ಕ ಅರ್ಧಾಣೆ ಹಾಕಿ ಕೈಮುಗಿದು ಸರಿದಳು. ಬದಲಿ ಕಾಸೆಲ್ಲ ನಾನು ಸಲೀಸಾಗಿ ಹಾಕಿದೆ. ರೂಪಾಯಿ ಹಿಡಿದ ಮುಷ್ಟಿ ಮಾತ್ರ ಹುಂಡಿಯ ಬಾಯಿಯಲ್ಲೇ ನಿಂತಿತು. ಬಿಚ್ಚಲಿಲ್ಲ. ಹಿಂದಿನವನು, "ಅಣ್ಣ, ಹಾಕಿ, ಇಲ್ಲಾ ಜರುಗಿ" ಅಂದ.

ಹಾಕಿದೆ. ಠಣ್ ಅನ್ನಲೂ ಇಲ್ಲ. ನೋಟುಗಳ ಮೇಲೆ ಬಿತ್ತೇನೋ.

ಸಂಜೆ ಮೇಡಂಗೆ ಫೋನ್ ಮಾಡಿ ಹೇಳಿದೆ. "ಟೇಬಲ್ ಇರತ್ತೆ, ಬನ್ನಿ" ಅಂದರು. ದನಿ ಸ್ವಲ್ಪ ಒಡೆದಿತ್ತು. ಇನ್ನೊಂದು ಸಲ ನೋಡಬೇಕೆಂದಿದ್ದರೋ ಏನೋ.

22-11-98, ಭಾನುವಾರ, ಮಧ್ಯಾಹ್ನ
ಟೇಬಲ್ಲಿನ ಹಿಂದೆಯೇ ಕೂತು ಬರೆಯುತ್ತಿದ್ದೇನೆ. ಚೀಟಿಗಳನ್ನು ಹೊಸದಾಗಿ ಬರೆದೆ. ರಾಜ, ಇಸವಿ ಕೆಳಗೆ. ಮೇಲೆ, 'ಗೌರಿ ಹಸುವಿನ ಹೊಟ್ಟೆಯುಬ್ಬರ'. 'ಅಪ್ಪ ಮರದಿಂದ ಬಿದ್ದದ್ದು'. ನಡುವೆ ಮಖಮಲ್ಲಿನ ಖಾಲಿ ಗುಂಡಿ. ಅದರ ಚೀಟಿ: '1939ರ ರೂಪಾಯಿ. ಗಂಗಯ್ಯನ ಜ್ವರ. ನಾಣ್ಯ ಮಾದಪ್ಪನ ಬಳಿ ಇದೆ'.

ಚಿನ್ನದ ವರಾಹ ಇಟ್ಟವರ ಟೇಬಲ್ಲಿನಲ್ಲಿ ನೊಣ. ನನ್ನ ಗುಂಡಿಯ ಮುಂದೆ ಜನ! ಪ್ರತಿ ಸಲ ಕಥೆ ಹೇಳಿದಾಗಲೂ ಜ್ವರ ಒಂದೊಂದು ಡಿಗ್ರಿ ಏರುತ್ತಿದೆ. ಲಕ್ಷ್ಮಮ್ಮ ದೂರದಿಂದ ಕಣ್ಣಲ್ಲೇ ಗದರಿದಳು.

ಕ್ಯಾಮೆರಾ ತಂದಿದ್ದ ಪೇಪರಿನ ಹುಡುಗಿ ಕೇಳಿದಳು, "ಅಂಕಲ್, ಖಾಲಿ ಗುಂಡೀನ ಹೇಗೆ ಫೋಟೋ ತೆಗೀಲಿ?"

ನಾನು ಬಾಯಿ ತೆರೆಯುವಷ್ಟರಲ್ಲಿ ಹಿಂದಿನಿಂದ ಅಕ್ಕನ ದನಿ.

"ಗುಂಡಿ ಯಾಕವ್ವಾ? ಆ ರೂಪಾಯಿಗೆ ಬಂದ ಮಾಲು ಇಲ್ಲೇ ನಿಂತದಲ್ಲ. ಇವನ್ನ ತೆಗಿ. ಅವ್ವಂಗೆ ಮೋಸ ಆಯ್ತೋ ಇಲ್ವೋ ಅಂತ ಊರೋರೇ ನೋಡ್ಲಿ."

ಹಾಲ್ ತುಂಬ ನಗು. ಚೂಡಾಮಣಿ ಮೇಡಂ ಕೂಡ, ಭೂತಗನ್ನಡಿ ಎತ್ತಿ ನನ್ನ ಮುಖ ನೋಡಿ, "ಸ್ವಲ್ಪ ಸವೆದಿದೆ" ಅಂದರು. ನಾನೂ ನಕ್ಕೆ.

ಹುಡುಗಿ ರೆಡಿ ಅನ್ನುತ್ತಿದ್ದಾಳೆ. ಅಕ್ಕನನ್ನೂ ಪಕ್ಕಕ್ಕೆ ಎಳೆದುಕೊಂಡಿದ್ದೇನೆ. ಸೆರಗು ಸರಿ ಮಾಡಿಕೊಳ್ಳುತ್ತಾ ಬೈಯುತ್ತಿದ್ದಾಳೆ, "ಪೆನ್ನು ಕೆಳಗಿಡ್ಲಾ, ಫೋಟೋದಾಗೆ..."