ಏಳನೆಯ ರಿಬ್ಬನ್

ಮಾರ್ಚ್ 4, ಮಂಗಳವಾರ

ಬೆಳಿಗ್ಗೆಯೆಲ್ಲ ಗಾಜು ಒರೆಸಿದ್ದೇ ಆಯಿತು. ಒಂದು ಫ್ರೇಮಿನೊಳಗೆ ನನ್ನದೇ ಹೆಬ್ಬೆರಳ ಗುರುತು ಉಳಿದುಬಿಟ್ಟಿದೆ. ಯಾರೂ ನೋಡಲಿಲ್ಲ — ಅಥವಾ ನೋಡಿಯೂ ಸುಮ್ಮನಿದ್ದರು.

ಫ್ರೇಮ್ ಅಂಗಡಿಗೆ ಸಾಹಿತ್ಯದ ಎಂ.ಎ. ಯಾಕೆ ಬೇಕು ಎಂದು ಅಮ್ಮ ಇವತ್ತೂ ಕೇಳಿದಳು. ಚಿತ್ರಗಳ ಕೆಳಗೆ ಅಂಟಿಸುವ ಬರಹಕ್ಕೆ ಎಂದೆ. ಅಂಗಡಿಯ ಯಜಮಾನರು ನನ್ನನ್ನು ‘ಸಾಹಿತಿ’ ಎಂದೇ ಕರೆಯುವುದು. ಅದು ಗೇಲಿಯೋ ಗೌರವವೋ, ಇನ್ನೂ ಗೊತ್ತಾಗಿಲ್ಲ.

ಮಧ್ಯಾಹ್ನ ಒಬ್ಬರು ಬಂದರು. ನಿವೃತ್ತ ನರ್ಸ್. ಕರವಸ್ತ್ರ ಬಿಚ್ಚಿ, ಸೈನಿಕರ ಜೇಬಿನ ಮೇಲಿರುವಂಥ ಬಣ್ಣದ ಪಟ್ಟಿಯೊಂದನ್ನು ಮೇಜಿನ ಮೇಲಿಟ್ಟರು. ಪದಕಗಳನ್ನು ದೊಡ್ಡ ದಿನಗಳಲ್ಲಿ ಮಾತ್ರ ಹಾಕಿಕೊಳ್ಳುತ್ತಾರಂತೆ. ಉಳಿದ ದಿನ ಪ್ರತಿ ಪದಕದ ಬದಲು ಒಂದು ರಿಬ್ಬನ್ ತುಂಡು. ಇದರಲ್ಲಿ ಏಳಿವೆ. ತೀರಿಕೊಂಡ ಅವರ ಅಪ್ಪನದು. ಪದಕಗಳು ಎಂದೋ ಕಳೆದುಹೋಗಿವೆ. ಯಾವ ರಿಬ್ಬನ್ ಯಾವುದಕ್ಕೆ ಎಂದು ಕಂಡುಹಿಡಿದು, ಕೆಳಗೆ ಬರೆದು, ಫ್ರೇಮ್ ಹಾಕಿಕೊಡಬೇಕು.

ಅವಸರಕ್ಕೆ ಕಾರಣವನ್ನೂ ಹೇಳಿದರು. ಅವರ ಚಿಕ್ಕಪ್ಪನದು ಮೊದಲಿನಿಂದಲೂ ಒಂದೇ ರಾಗ — ನಿಮ್ಮಪ್ಪ ಯುದ್ಧದಲ್ಲಿ ಬೆನ್ನು ತೋರಿಸಿದವನು. ಅದೂ ನೆಂಟರೆದುರು, ಊಟದ ನಡುವೆ. ಹದಿನಾರಕ್ಕೆ, ಭಾನುವಾರ, ಆ ಚಿಕ್ಕಪ್ಪ ಮನೆಗೆ ಬರುತ್ತಾರೆ. ಅಷ್ಟರೊಳಗೆ ಇದು ಗೋಡೆಯ ಮೇಲಿರಬೇಕು.

“ಓಡಿಹೋದವರಿಗೆ ಏಳು ಕೊಡ್ತಾರಾ, ಪುಟ್ಟಿ?”

ನನ್ನನ್ನೇ ಕೇಳಿದರು. ಏನೋ ಬರೆಯುವವಳಂತೆ ತಲೆ ತಗ್ಗಿಸಿದೆ.

ಮಾರ್ಚ್ 5, ಬುಧವಾರ

ಯಜಮಾನರಿಗೆ ಇಂಥ ಪಟ್ಟಿಗಳನ್ನು ಸಂಗ್ರಹಿಸುವ ಹುಚ್ಚು. ತಮ್ಮ ಬಣ್ಣದ ಚಾರ್ಟ್ ಕೊಟ್ಟು ಹೊರಗೆ ಹೋದರು. ಕೂತೆ, ಕೂತೆ... ಏನೂ ಹೊಂದುತ್ತಿಲ್ಲ. ಮೇಲೆ ಮೂರು, ನಡುವೆ ಮೂರು, ಕೆಳಗೆ ಬಾಲದ ಹಾಗೆ ಒಂದು. ದೊಡ್ಡ ಗೌರವ ಮೇಲಿರಬೇಕು. ಇಲ್ಲಿ ತೀರಾ ಸಣ್ಣವೇ ಮೇಲಿವೆ. ಜೊತೆಗೆ ಮಣ್ಣು ಬಣ್ಣದ್ದೊಂದು. ಚಾರ್ಟಿನಲ್ಲಿ ಆ ಬಣ್ಣವೇ ಇಲ್ಲ.

ಯಜಮಾನರು ಬಂದವರೇ ಪಟ್ಟಿಯನ್ನು ತಿರುಗಿಸಿಟ್ಟರು. ತಲೆಕೆಳಗಾಗಿ ಇಟ್ಟುಕೊಂಡಿದ್ದೆ. ಒಂಟಿ ರಿಬ್ಬನ್ ಯಾವಾಗಲೂ ಮೇಲೆ.

“ಪದ್ಯಾನೂ ಹೀಗೇ ಓದಿ ಪಾಸಾದ್ರಾ, ಸಾಹಿತಿಗಳು?”

ಆಮೇಲೆ ಮಣ್ಣು ಬಣ್ಣದ್ದರ ಅಂಚನ್ನು ಚಿಮುಟದಿಂದ ಎತ್ತಿ ಒಳಮಡಿಕೆ ತೋರಿಸಿದರು. ಒಳಗೆ ಕಡು ಹಸಿರು. ಬಿಸಿಲಿಗೆ ಬಣ್ಣ ಹೋಗಿದೆ, ಅಷ್ಟೆ.

ಸಂಜೆಯೊಳಗೆ ಎಲ್ಲವೂ ಸಿಕ್ಕವು. ದೀರ್ಘ ಸೇವೆ, ಗಡಿ ಕಾವಲು, ಪ್ರವಾಹದಲ್ಲಿ ಕೆಲಸ... ಮೇಲಿನ ಒಂಟಿ — ನೀಲಿ, ಎರಡು ಕಿತ್ತಳೆ ಗೆರೆ. ಶತ್ರುವಿನ ಎದುರು ತೋರಿದ ಶೌರ್ಯಕ್ಕೆ. ಫೋನ್ ಮಾಡಿ ಹೇಳಬೇಕಾದ ವಾಕ್ಯವನ್ನು ಬಾಯಿಪಾಠ ಮಾಡಿಕೊಂಡೆ. ನಾಳೆ ಮಾಡುತ್ತೇನೆ.

ಮಾರ್ಚ್ 7, ಶುಕ್ರವಾರ

ಫೋನ್ ಮಾಡಿರಲಿಲ್ಲ. ಒಳ್ಳೆಯದೇ ಆಯಿತು.

ಯಜಮಾನರು ಭೂತಗನ್ನಡಿ ಹಿಡಿದು ನೋಡಿದರು. ಆರು ರಿಬ್ಬನ್‌ಗಳು ಸ್ವಲ್ಪವೋ ಪೂರ್ತಿಯೋ ಮಾಸಿವೆ. ನೀಲಿಯದು ಮಾತ್ರ ನಿನ್ನೆ ಅಂಗಡಿಯಿಂದ ತಂದಂತಿದೆ. ಆಮೇಲೆ ಸೇರಿಸಿದ್ದು ಎಂದರು. ಸಿಗದ ಪದಕದ ರಿಬ್ಬನ್ ಹಾಗೆ ಸೇರಿಸಿಕೊಂಡವರು ಬೇಕಾದಷ್ಟು ಜನ ಇದ್ದಾರಂತೆ. ಅಂಗಡಿಗಳಲ್ಲಿ ಅದು ಮೀಟರ್ ಲೆಕ್ಕದಲ್ಲಿ ಸಿಗುತ್ತದೆ. ಆರನ್ನೇ ಬರೆಯಿರಿ, ಏಳನೆಯದನ್ನು ಬಿಚ್ಚಿ, ನಮ್ಮ ಫ್ರೇಮಿನಲ್ಲಿ ಸುಳ್ಳು ಬೇಡ ಎಂದರು. ನರ್ಸಮ್ಮನಿಗೆ ಯಾರು ಹೇಳುವುದು ಎಂದು ಕೇಳಿದೆ.

“ಬರೆಯೋರು ನೀವು. ಹೇಳೋರೂ ನೀವೇ.”

ಹಾಗಾದರೆ ಓಡಿದ್ದು ನಿಜವೇ? ಆರು ರಿಬ್ಬನ್ ಸೈನ್ಯದಲ್ಲಿದ್ದರು ಎನ್ನುತ್ತವೆ, ಓಡಲಿಲ್ಲ ಎನ್ನುವುದಿಲ್ಲ. ಓಡದವನಿಗೆ ಸುಳ್ಳು ಶೌರ್ಯ ಯಾಕೆ ಬೇಕಿತ್ತು? ಓಡಿದವನಿಗಾದರೂ ಅದನ್ನು ಹಾಕಿಕೊಂಡು ತಿರುಗುವ ಧೈರ್ಯ ಎಲ್ಲಿಂದ ಬಂತು?

ಮಾರ್ಚ್ 12, ಬುಧವಾರ

ಏನೂ ಬರೆದಿಲ್ಲ. ಏನೂ ಮಾಡಿಯೂ ಇಲ್ಲ. ನರ್ಸಮ್ಮ ಎರಡು ಸಲ ಬಂದು ಹೋದರು. ಮೊದಲ ಸಲ, ಇನ್ನೂ ನೋಡುತ್ತಿದ್ದೇವೆ ಎಂದೆ. ಇವತ್ತು ಗಾಜಿನ ಹಾಳೆಗಳ ಹಿಂದೆ ನಿಂತೆ. ಗಾಜಿನ ಹಿಂದೆ ಅಡಗಿಕೊಳ್ಳುವವಳು ನಾನೊಬ್ಬಳೇ ಇರಬೇಕು. ಅವರು ನೋಡಿದರು. ಬೈಯಲಿಲ್ಲ.

“ಗೋಡೆಗೆ ಮೊಳೆ ಹೊಡೆದಾಯ್ತು, ಪುಟ್ಟಿ,” ಎಂದು ಹೇಳಿ ಹೊರಟರು.

ಮಾರ್ಚ್ 13, ಗುರುವಾರ, ಮಧ್ಯಾಹ್ನ 3

ಬಿಚ್ಚಲು ಕೂತೆ. ಪಟ್ಟಿ ಮಗುಚಿ, ಹಿಂಬದಿಯ ಬಟ್ಟೆ ಸರಿಸಿದೆ. ಕತ್ತರಿ ಹಾಕುವ ಮೊದಲು ದಾರ ಎಲ್ಲಿ ಶುರುವಾಗುತ್ತದೆ ಎಂದು ಹುಡುಕಿದೆ. ನೀಲಿಯದರಲ್ಲೇ ಗಂಟು. ಅಲ್ಲಿಂದ ಇಳಿದು, ಉಳಿದ ಆರನ್ನೂ ಹಿಡಿದುಕೊಂಡು, ಕೊನೆಯಲ್ಲಿ ಇನ್ನೊಂದು ಗಂಟು. ನಡುವೆ ಎಲ್ಲೂ ತುಂಡಾಗಿಲ್ಲ.

ಎಲ್ಲಕ್ಕಿಂತ ಮೊದಲು ಹೊಲಿದದ್ದೇ ಅದು. ಮತ್ತೆ ಬಣ್ಣ ಯಾಕೆ ಹೋಗಲಿಲ್ಲ?

ಭೂತಗನ್ನಡಿ ತಂದೆ. ನೀಲಿಯ ನಾಲ್ಕು ಮೂಲೆಗಳಲ್ಲೂ ಸೂಜಿ ತೂತು. ಒಂದರಲ್ಲಿ ಕಪ್ಪು ಎಳೆ ಸಿಕ್ಕಿಕೊಂಡಿದೆ. ಅದರ ಮೇಲೆ ಏನೋ ಇತ್ತು. ವರ್ಷಗಟ್ಟಲೆ.

ಯಜಮಾನರನ್ನು ಕರೆದೆ. ನೋಡಿದರು, ಕನ್ನಡಕ ಒರೆಸಿಕೊಂಡು ಮತ್ತೆ ನೋಡಿದರು.

“ಇಲ್ಲದ್ದನ್ನ ಅಂಟಿಸ್ಕೊಂಡೋರನ್ನ ನೋಡಿದ್ದೀನಿ. ಇದ್ದದ್ದನ್ನ ಮುಚ್ಕೊಂಡೋರನ್ನ ಇದೇ ಮೊದಲು ಕಣಮ್ಮ.”

ಸಾಹಿತಿ ಎನ್ನಲಿಲ್ಲ. ನರ್ಸಮ್ಮನಿಗೆ ನಾನೇ ಫೋನ್ ಮಾಡಿದೆ.

ಮಾರ್ಚ್ 14, ಶುಕ್ರವಾರ

ಅವರು ಬಂದರು. ಮೇಜು ನೋಡುತ್ತಲೇ ಎಲ್ಲ ಹೇಳಿ ಮುಗಿಸಿದೆ.

ನೀಲಿಯ ಮೇಲಿದ್ದ ಕಪ್ಪು ಬಟ್ಟೆಯನ್ನು ಕತ್ತರಿಸಿ ಎಸೆದದ್ದು ಅವರೇ, ಅಂಗಡಿಗೆ ತರುವ ಹಿಂದಿನ ದಿನ. ಚಿಕ್ಕಂದಿನಲ್ಲಿ ಕೇಳಿದ್ದಕ್ಕೆ, ಅದು ಹರಿದಿದೆ, ಅದಕ್ಕೇ ಮುಚ್ಚಿದ್ದೇನೆ ಎಂದಿದ್ದರಂತೆ ಅಪ್ಪ. ಈಗ ಬಿಚ್ಚಿದರೆ ಹರಿದಿರಲಿಲ್ಲ. ತಮ್ಮ ಅಮ್ಮ ಎಂದೋ ರಿಬ್ಬನ್ ಬದಲಿಸಿರಬೇಕು ಎಂದುಕೊಂಡರಂತೆ. ಚಿಕ್ಕಪ್ಪನ ಮಾತು ಹುಟ್ಟಿದ್ದೂ ಅದೇ ಕಪ್ಪು ಬಟ್ಟೆಯಿಂದ. ಓಡಿದ್ದಕ್ಕೆ ಸರ್ಕಾರವೇ ಗೌರವ ಕಿತ್ತುಕೊಂಡು ಮುಚ್ಚಿಸಿತು ಎಂದು ಚಿಕ್ಕಪ್ಪನ ವಾದ. ಕಿತ್ತುಕೊಂಡರೆ ರಿಬ್ಬನ್ನೇ ಹೋಗುತ್ತದೆ, ಮುಚ್ಚಿಸುವ ಪದ್ಧತಿಯೇ ಇಲ್ಲ ಎಂದರು ಯಜಮಾನರು.

ನೀಲಿಯನ್ನು ಬೆರಳಿಂದ ಮುಟ್ಟಿದರು. “ಎಲ್ಲಿ ಹರಿದಿದೆ, ಅಪ್ಪ?”

ಚಿಕ್ಕಪ್ಪನ ಬಾಯಿ ಮುಚ್ಚಿಸಲು ಇಷ್ಟು ಸಾಕು. ಆದರೆ ಅವರ ಮುಖದಲ್ಲಿ ಗೆದ್ದ ಕಳೆ ಇಲ್ಲ. ಹೀಗೆ ಮುಚ್ಚಿಕೊಳ್ಳುವಂಥದ್ದು ಯುದ್ಧದಲ್ಲಿ ಅಪ್ಪ ಏನು ಮಾಡಿದರೋ, ಯಾರಿಗೆ ಮಾಡಿದರೋ ಎಂದು ತಮ್ಮಷ್ಟಕ್ಕೇ ಅಂದುಕೊಂಡರು. ಚಾರ್ಟಿನಲ್ಲಿ ಅದಕ್ಕೆ ಒಂದೇ ಸಾಲು ಇರುವುದು.

ತೆರೆದೇ ಇಡಲೋ, ಮುಚ್ಚಲೋ ಎಂದು ನನ್ನನ್ನು ಕೇಳಿದರು. ಗೊತ್ತಿಲ್ಲ ಎಂದೆ. ಈ ಸಲ ಸಂಕೋಚಕ್ಕಲ್ಲ. ನಿಜವಾಗಿಯೂ ಗೊತ್ತಿಲ್ಲ.

ಮಾರ್ಚ್ 15, ಶನಿವಾರ, ಸಂಜೆ

ನರ್ಸಮ್ಮ ಹಳೆಯ ಕೊಡೆಯಿಂದ ಕತ್ತರಿಸಿದ ಕಪ್ಪು ಬಟ್ಟೆಯೊಂದಿಗೆ ಬಂದರು. ಕೆಳಗೆ ಏಳೂ ಹೆಸರು ಬರೆಯಬೇಕು. ಏಳನೆಯ ರಿಬ್ಬನ್ ಮಾತ್ರ ಮುಚ್ಚಬೇಕು.

“ಬರೆಯೋದು ಚಿಕ್ಕಪ್ಪನಿಗೆ. ಮುಚ್ಚೋದು ಅಪ್ಪನಿಗೆ.”

ಬರೆದೆ. ಯಜಮಾನರು ಓದಿ, ಒಂದಕ್ಷರವನ್ನೂ ತಿದ್ದಲಿಲ್ಲ. ಹಳೆಯ ತೂತುಗಳಲ್ಲೇ ಹೊಲಿದೆ. ಮೂರು ಮೂಲೆ ಆಗಿತ್ತು. ನರ್ಸಮ್ಮ ಕೈ ಅಡ್ಡ ಹಿಡಿದರು, ಒಂದು ಸಲ ನೋಡಿಬಿಡುತ್ತೇನೆ ಎಂದು. ತೆರೆದಿರುವ ಮೂಲೆಯನ್ನು ಎತ್ತಿ ಹಿಡಿದು ನೋಡುತ್ತಿದ್ದಾರೆ. ನಾನು ಸೂಜಿ ಚುಚ್ಚಿಟ್ಟು, ಈಚೆ ಬಂದು ಇದನ್ನು ಬರೆಯುತ್ತಿದ್ದೇನೆ. ಯಜಮಾನರು ಬಾಗಿಲು ಹಾಕಬೇಕು, ಆದರೂ ಕಾಯುತ್ತಿದ್ದಾರೆ. ನರ್ಸಮ್ಮ ಇನ್ನೂ ನೋಡುತ್ತಲೇ... ಕರೆದರು. ಹೋಗಿ ಹೊಲಿಯಬೇಕು. ದಾರ ಸಾಕಾಗುತ್ತದೋ ಇಲ್ಲವೋ, ಉಳಿದ ಒಂದು ಮೂಲೆಗೆ...