ಮೌನಕುರ್ಚಿಯಲ್ಲಿ ತೆಗೆದ ಅಳತೆ

ಹುಬ್ಬಳ್ಳಿ, ಫೆಬ್ರವರಿ ೩೦, ೨೨೧೪

ಹಿಂದಿನವರೇ,

ತಾರೀಖು ನೋಡಿ ಹುಬ್ಬೇರಿಸಬೇಡಿ. ನಮ್ಮ ಕಾಲದಲ್ಲಿ ಎಲ್ಲ ತಿಂಗಳಿಗೂ ಮೂವತ್ತೇ ದಿನ. ವರ್ಷದ ಕೊನೆಗೆ ಉಳಿಯುವ ದಿನಗಳಲ್ಲಿ ಊರಿಗೆ ಊರೇ ರಜೆ ಹಾಕುತ್ತದೆ. ಈ ಪತ್ರದಲ್ಲಿ ನೀವು ಕೇಳರಿಯದ ಕೆಲವು ಪದಗಳಿವೆ, ಅದಕ್ಕೆ ಕ್ಷಮೆ ಇರಲಿ. ಸಿಟ್ಟಿಗೆ ಮಾತ್ರ ನಾನು ಕ್ಷಮೆ ಕೇಳುವುದಿಲ್ಲ.

ನಮ್ಮೂರಿನ ಸುತ್ತ ಗಾಳಿಕಂಬಗಳಿವೆ. ಗಾಳಿಯಿಂದ ಕರೆಂಟು ತೆಗೆಯುವ ಆ ಕಂಬಗಳು ಹಗಲೂ ರಾತ್ರಿ ಗುಂಯ್‌ ಎನ್ನುತ್ತಲೇ ಇರುತ್ತವೆ, ಐವತ್ತು ದಾಟುವುದರೊಳಗೆ ಮುಕ್ಕಾಲು ಪಾಲು ಜನಕ್ಕೆ ಕಿವಿ ಮಂದವಾಗುತ್ತದೆ. ಆಗ ಕಿವಿಗುಂಡು ಕೊಡುತ್ತಾರೆ. ನೀವು ಹಿಯರಿಂಗ್ ಏಡ್ ಎನ್ನುತ್ತಿದ್ದುದರ ಮೊಮ್ಮಗು ಅದು. ಗಟ್ಟಿ ಚಿಪ್ಪಿನೊಳಗೆ ಅಡಗಿ ಕಿವಿಯ ಆಳದಲ್ಲಿ ಕೂರುತ್ತದೆ, ಕಂಬದ ಸದ್ದನ್ನು ಸೋಸಿ ಹಾಕಿ ಪಕ್ಕದ ಮನೆಯ ಒಗ್ಗರಣೆಯ ಚಟಪಟವನ್ನೂ ಕೇಳಿಸುತ್ತದೆ. ಮಲಗಿದಾಗ ತಾನೇ ಮಲಗುತ್ತದೆ, ಸ್ನಾನ ಮಾಡಿದರೂ ಕೆಡುವುದಿಲ್ಲ. ಇಷ್ಟೆಲ್ಲ ಬುದ್ಧಿ ಖರ್ಚು ಮಾಡಿದವರಿಗೆ ಅದು ಕಿವಿಯಲ್ಲಿ ನೋಯದಂತೆ ಮಾಡಲು ಮಾತ್ರ ಪುರಸೊತ್ತು ಸಿಕ್ಕಿಲ್ಲ.

ನನ್ನ ಅವ್ವ ಗಂಗಮಾಳವ್ವ ಬಾಯಿಬಡುಕಿ. ಪ್ರೀತಿಯಿಂದಲೇ ಹೇಳುತ್ತಿದ್ದೇನೆ. ನಮ್ಮಲ್ಲಿ ಓಣಿಕಟ್ಟೆ ಎಂಬುದಿದೆ: ನೀರಿನ ಸರದಿ, ಗಂಡ ಹೆಂಡಿರ ಜಗಳ, ಯಾರ ಮನೆ ಮುಂದೆ ಯಾವ ಗಿಡ, ಎಲ್ಲವನ್ನೂ ಅಲ್ಲಿ ಕೂತು ಮಾತಾಡಿಯೇ ಬಗೆಹರಿಸಬೇಕು. ಅವ್ವ ಆ ಕಟ್ಟೆಯ ಹಿರಿಯಳು. ಅವಳೆದುರು ಸುಳ್ಳು ಹೇಳಿ ದಕ್ಕಿಸಿಕೊಂಡವರನ್ನು ನಾನು ನೋಡಿಲ್ಲ. ಕಿವಿಗುಂಡು ಹಾಕಿಕೊಂಡ ಮೇಲೆ ಅವಳು ಕಟ್ಟೆಯಲ್ಲಿ ಬರೀ ತಲೆಯಾಡಿಸತೊಡಗಿದಳು. ಮನೆಯಲ್ಲಿ ಗಟ್ಟಿಯಾಗಿ ಅಗಿಯಬೇಕಾದ ಕಟಕ ರೊಟ್ಟಿ ಬಿಟ್ಟು ಅನ್ನ ಹಿಸುಕಿ ನುಂಗತೊಡಗಿದಳು. ವಯಸ್ಸಾಯಿತು, ಮೆತ್ತಗಾದಳು ಎಂದು ಓಣಿಯವರು ಆಡಿಕೊಂಡರು.

ಒಂದು ದಿನ ತಲೆಗೆ ಎಣ್ಣೆ ಹಚ್ಚುವಾಗ ಅವಳ ಕಿವಿಯೊಳಗೆ ಹುಣ್ಣು ಕಂಡಿತು. ಕೇಳಿದರೆ, ಸುಮ್ಮನೆ ಕೂತಾಗ ಏನೂ ಇಲ್ಲ, ದವಡೆ ಆಡಿಸಿದರೆ ಸಾಕು ಗುಂಡು ಕೊರೆಯುತ್ತದೆ ಎಂದಳು. ಬಾಯಿಗೂ ಕಿವಿಗೂ ಏನು ಸಂಬಂಧ ಎಂದು ನಾನು ಕಿರುಬೆರಳನ್ನು ಕಿವಿಯಲ್ಲಿಟ್ಟುಕೊಂಡು ರೊಟ್ಟಿ ಅಗಿದು ನೋಡಿದೆ. ನೀವೂ ನೋಡಿ, ಈಗಲೇ. ರೊಟ್ಟಿ ಇಲ್ಲದಿದ್ದರೆ ನಿಮ್ಮ ಅವ್ವನ ಹೆಸರನ್ನು ಬಾಯಿತುಂಬ ಹೇಳಿ. ಬೆರಳಿನ ಪಕ್ಕದಲ್ಲಿ ಕಿವಿಯ ಗೋಡೆ ಸರಿದಾಡುವುದು ಗೊತ್ತಾಯಿತಲ್ಲ? ಬಾಯಿ ಆಡಿದಾಗಲೆಲ್ಲ ಕಿವಿಯ ಒಳಗಿನ ಆಕಾರ ಬದಲಾಗುತ್ತದೆ.

ಈಗ ನಮ್ಮಲ್ಲಿ ಅಳತೆ ತೆಗೆಯುವ ಚೆಂದ ಕೇಳಿ. ಕಿವಿಮನೆ ಎಂದರೆ ಗುಂಡು ಮಾಡಿಕೊಡುವ ಕಚೇರಿ. ಅಲ್ಲಿ ಮೌನಕುರ್ಚಿಯ ಮೇಲೆ ಕೂರಿಸಿ, ಗದ್ದಕ್ಕೆ ಪಟ್ಟಿ ಕಟ್ಟಿ, ಬಾಯಿ ಮುಚ್ಚಿ ಅಲ್ಲಾಡದೆ ಇರಿ ಎನ್ನುತ್ತಾರೆ. ಎಂಜಲು ನುಂಗಿದರೂ ಯಂತ್ರ ಅಳತೆ ಕೆಟ್ಟಿತೆಂದು ಕೂಗುತ್ತದೆ. ಹೀಗೆ ಹುಟ್ಟಿದ ಗುಂಡು ಬಾಯಿ ಮುಚ್ಚಿದವರ ಕಿವಿಗಷ್ಟೇ ಸರಿ. ಈ ಬುದ್ಧಿ ಯಂತ್ರಕ್ಕೆ ಎಲ್ಲಿಂದ ಬಂತು? ನಿಮ್ಮಿಂದ. ನಿಮ್ಮ ಕಾಲದ ಕಿವಿಗಳ ಅಳತೆ ತಿನ್ನಿಸಿಯೇ ಅದನ್ನು ಬೆಳೆಸಿದ್ದು. ಬಾಯಿ ತೆರೆಸಿ, ಅಗಿಸಿ ಕಿವಿಯ ಅಚ್ಚು ತೆಗೆಯುವವರು ನಿಮ್ಮಲ್ಲೂ ಇದ್ದರು. ಅವರ ಅಳತೆಗಳು ಒಂದರಂತೆ ಒಂದಿಲ್ಲ, ಯಂತ್ರಕ್ಕೆ ತೊಡಕು ಎಂದು ಕಸಕ್ಕೆ ಹಾಕಿದಿರಿ. ನಿಮ್ಮ ಯಂತ್ರಕ್ಕೆ ಸುಲಭವಾಗಲೆಂದು ನನ್ನ ಅವ್ವನ ಬಾಯಿ ಕಟ್ಟಿದಿರಿ.

ಮತ್ತೆ ಮತ್ತೆ ಕಿವಿಮನೆಗೆ ಅಲೆದೆವು. ಅಲ್ಲಿಯ ಅಧಿಕಾರಿ ಪ್ರತಿ ಸಲವೂ ಗುಂಡನ್ನು ಚೂರು ಉಜ್ಜಿ, ಮುಲಾಮು ಕೊಟ್ಟು, ಅಭ್ಯಾಸವಾಗುತ್ತದೆ ಎಂದ. ನೋವಿಗೆ ಅಭ್ಯಾಸವಾಗಬೇಕಂತೆ! ಆ ಮಾತೂ ನಿಮ್ಮ ಕಾಲದಿಂದ ಬಂದ ಆಸ್ತಿಯೇ ಇರಬೇಕು. ಕಡೆಯ ಸಲ ಅವ್ವ ಎರಡೂ ಗುಂಡು ಕಿತ್ತು ಅವನ ಮೇಜಿನ ಮೇಲಿಟ್ಟಳು.

"ತಮ್ಮಾ, ಕಿವ್ಯಾಗ ಎರಡ ಕಲ್ಲ ತುರಕ್ಕೊಂಡು ನೀ ಒಂದ ರೊಟ್ಟಿ ತಿಂದ ತೋರ್ಸು. ಆಮ್ಯಾಲ ನಾ ಅಭ್ಯಾಸ ಮಾಡ್ಕೋತೀನಿ."

ಅವನು ನಕ್ಕು ಮುಂದಿನವರನ್ನು ಕರೆದ.

ಈಗ ಅವ್ವ ಗುಂಡು ಹಾಕುವುದಿಲ್ಲ. ರೊಟ್ಟಿ ತಿನ್ನುತ್ತಾಳೆ, ಮೊದಲಿನ ಹಾಗೆ ಬೈಯುತ್ತಾಳೆ, ನಗುತ್ತಾಳೆ. ಎದುರಿನವರು ಹೇಳುವುದೊಂದೂ ಅವಳಿಗೆ ಮುಟ್ಟುವುದಿಲ್ಲ. ಎರಡೂ ಕಡೆಯವರ ಮಾತು ಕೇಳಿಸದವರು ತೀರ್ಪು ಹೇಳುವಂತಿಲ್ಲ ಎಂಬುದು ಕಟ್ಟೆಯ ನಿಯಮ. ಅದನ್ನು ಮಾಡಿದವಳೇ ಅವ್ವ, ಹಾಗಾಗಿ ವಾದಿಸುವಂತೆಯೂ ಇಲ್ಲ. ಬರುವ ಹುಣ್ಣಿಮೆಗೆ ಅವಳ ಜಾಗದಲ್ಲಿ ಬೇರೆಯವರು ಕೂರುತ್ತಾರೆ. ಕೇಳಬೇಕಾದರೆ ಬಾಯಿ ಮುಚ್ಚು, ಮಾತಾಡಬೇಕಾದರೆ ಕಿವುಡಿಯಾಗು ಎಂದು ನೀವು ಅವಳಿಗೆ ಬರೆದಿಟ್ಟು ಹೋದಿರಿ.

ಅವಳ ಮಟ್ಟಿಗೆ ಹೊತ್ತು ಮೀರಿತು. ನಿಮ್ಮಲ್ಲಿ ಇವತ್ತು ಯಾವುದೋ ಕೋಣೆಯಲ್ಲಿ ಯಾರದೋ ತಾಯಿ ಕಿವಿಗೆ ಅಚ್ಚಿನ ಮೇಣ ತುಂಬಿಸಿಕೊಂಡು ಕೂತಿರುತ್ತಾಳೆ. ದಯವಿಟ್ಟು ಅವಳಿಗೆ ಅಲ್ಲಾಡಬೇಡಿ ಎನ್ನಬೇಡಿ. ಬೆಳಿಗ್ಗೆ ಏನು ತಿಂದಿರಿ, ಸೊಸೆ ಹೇಗಿದ್ದಾಳೆ ಎಂದು ಕೇಳಿ, ಮಾತಾಡಿಸಿ. ನೋಯುತ್ತದೆ ಎಂದರೆ ನಂಬಿ, ಹುಣ್ಣಿಗೆ ಮದ್ದು ಮಾಡಿ, ಹೊಸದಾಗಿ ಅಳತೆ ತೆಗೆಯಿರಿ. ಆ ಅಳತೆಯನ್ನು ಕಸಕ್ಕೆ ಹಾಕದೆ ಉಳಿಸಿ. ನಾನು ಕೇಳುವುದು ಇಷ್ಟೇ.

ಅವ್ವ ಎದುರಿಗೇ ಕೂತು ಉಣ್ಣುತ್ತಿದ್ದಾಳೆ. ಯಾರಿಗೆ ಬರೆಯುತ್ತಿದ್ದೀ ಎಂದು ಕೇಳಿದಳು. ಹೇಳಿದೆ. ಇನ್ನೊಮ್ಮೆ ಗಟ್ಟಿಯಾಗಿ ಹೇಳಿದೆ. ಈಗ ಮತ್ತೆ ಅದನ್ನೇ ಕೇಳುತ್ತಿದ್ದಾಳೆ.

ಇರಾವತಿ