ಎಡಮೂಲೆಗೆ ಎಸೆದ ಚೆಂಡು

ಲೇ ಒಂಟೆ,

ಮಂಡಿ ಕೈಕೊಟ್ಟಿತೆಂದು ಕ್ಲಬ್ಬಿನವರು ನಿನ್ನನ್ನು ಕೈಬಿಟ್ಟ ಮೇಲೆ ನಾನು ಯಾರನ್ನೂ ಹೀಗೆ ಕರೆದಿಲ್ಲ. ನಿನ್ನ ಹೊಸ ನಂಬರನ್ನೂ ಯಾರ ಹತ್ತಿರವೂ ಕೇಳಿಲ್ಲ. ಈ ಕಾಗದವೂ ನನ್ನ ಬ್ಯಾಗಿನಲ್ಲೇ ಉಳಿಯುತ್ತದೆ.

ಇವತ್ತಿನ ಪಂದ್ಯದಲ್ಲಿ ಬ್ಯಾಸ್ಕೆಟ್ಟಿನ ಕೆಳಗೆ ಇಬ್ಬರು ನನ್ನನ್ನು ಅಡ್ಡಗಟ್ಟಿದರು. ತಿರುಗಿಯೂ ನೋಡದೆ ಚೆಂಡನ್ನು ನೀನು ನಿಲ್ಲುತ್ತಿದ್ದ ಎಡಮೂಲೆಗೆ ಎಸೆದೆ. ಅಲ್ಲಿ ಯಾರೂ ಇರಲಿಲ್ಲ. ಚೆಂಡು ಗೆರೆ ದಾಟಿ ಕುರ್ಚಿಗಳ ಕೆಳಗೆ ಉರುಳಿತು.

"ಯಾರಿಗಮ್ಮಾ ಕೊಟ್ಟೆ ಅದನ್ನ?" ಎಂದರು ಕೋಚ್.

"ಕೈ ಜಾರ್ತು ಸರ್" ಎಂದೆ.

ನನ್ನ ಮಂಡಿಗೂ ಈಗ ನಿನ್ನ ಮಂಡಿಯ ಬುದ್ಧಿಯೇ ಬಂದಿದೆ. ಬಿಡುವಿನಲ್ಲಿ ಐಸ್ ಕಟ್ಟಿಕೊಂಡು ಕೂತಿದ್ದಾಗ, ನಿನ್ನ ಬದಲಿಗೆ ಬಂದ ಹುಡುಗಿ ಹತ್ತಿರ ಬಂದಳು. "ಅಕ್ಕ, ಇನ್ಮೇಲೆ ಆ ಮೂಲೇಲಿ ನಾನು ನಿಂತಿರ್ತೀನಿ. ನೀವು ಕಣ್ಮುಚ್ಕೊಂಡು ಕೊಡಿ." ಒಳ್ಳೆಯವಳು ಕಣೇ.

ಕೊನೆಯ ಗಳಿಗೆಯಲ್ಲಿ ನಾವು ಒಂದೇ ಅಂಕ ಹಿಂದಿದ್ದೆವು. ಅವಳು ಹೇಳಿದ ಹಾಗೆಯೇ ಎಡಮೂಲೆಯಲ್ಲಿ ಒಬ್ಬಳೇ ನಿಂತು ಕೈ ಚಾಚಿದ್ದಳು. ನಾನು ನೋಡಿದೆ. ನೋಡಿಯೂ ನಾನೇ ಬ್ಯಾಸ್ಕೆಟ್ಟಿಗೆ ಎಸೆದೆ. ಸೋತೆವು.

ಬಸ್ಸಿನಲ್ಲಿ ಅವಳು ನನ್ನ ಸೀಟಿನ ಹತ್ತಿರ ಬಂದು ನಿಂತಳು. "ನಾನು ಕಾಣಿಸ್ಲಿಲ್ವಾ ಅಕ್ಕ?"

"ಇಲ್ಲಮ್ಮ" ಎಂದೆ.

ನೀನು ಕೂರುತ್ತಿದ್ದ ಸೀಟಿನ ಮೇಲೆ ನನ್ನ ಬ್ಯಾಗಿತ್ತು. ಅದನ್ನು ತೆಗೆಯಲಿಲ್ಲ.